ಕೊಳ್ಳುವವರಿಗಾಗಿ ಸಿಂಗರಿಸಿದ ಮನೆ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ನಮ್ಮ ಹಿರಿಯರು ಅದಕ್ಕೆ ‘ಮನೆ ಮಾರಿ ನೋಡು’ ಎಂದು ಸೇರಿಸಲಿಲ್ಲ. ಅವರಿಗೆ ಮನೆ ಎಂದರೆ ಮಕ್ಕಳು ಮೊಮ್ಮಕ್ಕಳಿಗೆ ಉಳಿಯಬೇಕಾದದ್ದು. ಮಾರುವ ಪ್ರಸಂಗ ಬಂದರೂ ಕೊಳ್ಳುವವರು ಹೆಚ್ಚಾಗಿ ಅದೇ ಊರಿನವರು, ಇಲ್ಲವೇ ನೆಂಟರು. ಆ ಮನೆಯ ಬಾವಿ ನೀರಿನ ರುಚಿ ಅವರಿಗೆ ಗೊತ್ತು. ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತದೆ ಎಂಬುದೂ ಗೊತ್ತು. ಅಂಥವರ ಮುಂದೆ ಮನೆಯನ್ನು ಸಿಂಗರಿಸಿ ಏನೂ ಪ್ರಯೋಜನವಿರಲಿಲ್ಲ.

ನಗರದಲ್ಲಿ ಹಾಗಲ್ಲ. ಮನೆ ಮಾರಲು ಹೊರಟವರು ಮೊದಲು ಪೇಂಟರನ್ನು ಕರೆಸುತ್ತಾರೆ. ಗೇಟಿಗೆ ಹೊಸ ಬಣ್ಣ, ಗೋಡೆಗೆ ತಿಳಿಬಣ್ಣ, ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರು. ಅಟ್ಟದ ಮೇಲಿನ ಹಳೆಯ ಸಾಮಾನೆಲ್ಲ ನೆಂಟರ ಮನೆಗೆ ಸಾಗುತ್ತದೆ. ಕೊಳ್ಳುವವರು ಬರುವ ಹೊತ್ತಿಗೆ ಕಿಟಕಿಗಳೆಲ್ಲ ತೆರೆದಿರುತ್ತವೆ. ಹಗಲಿನಲ್ಲೂ ದೀಪ ಉರಿಯುತ್ತಿರುತ್ತದೆ. ಹೆಣ್ಣು ನೋಡಲು ಬರುವ ದಿನ ಮನೆಯಲ್ಲಿ ನಡೆಯುವ ಸಡಗರಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಬೇಗ ಮಾರಾಟವಾಗಬೇಕು, ಒಳ್ಳೆಯ ಬೆಲೆ ಬರಬೇಕು, ಅಷ್ಟೇ ತಾನೇ? ಇದರಲ್ಲಿ ಇತಿಹಾಸವೇನು ಬಂತು ಎಂದು ನೀವು ಕೇಳಬಹುದು.

ಕಿರುತೆರೆಯಲ್ಲಿ ಕೆಲಸ ಮಾಡುವ ನಮಗೆ ಈ ಪ್ರಶ್ನೆ ಬೇರೊಂದು ರೀತಿಯಲ್ಲಿ ಎದುರಾಗುತ್ತದೆ. ಸ್ಟುಡಿಯೋದಲ್ಲಿ ಮನೆಯ ಸೆಟ್ ಹಾಕಿದಾಗ ಅದಕ್ಕೆ ಮೂರೇ ಗೋಡೆ. ನಾಲ್ಕನೆಯದು ಕ್ಯಾಮರಾದ ಜಾಗ, ಅಂದರೆ ನೋಡುವವರ ಜಾಗ. ಸೆಟ್ಟಿನಲ್ಲಿರುವ ಪ್ರತಿಯೊಂದು ಕುರ್ಚಿಯನ್ನೂ ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಟ್ಟಿರುತ್ತಾರೆ. ಮಾರಾಟಕ್ಕೆ ಸಿದ್ಧಪಡಿಸಿದ ಮನೆಯೂ ಹಾಗೆಯೇ. ಅಲ್ಲಿ ವಾಸಿಸುವವರ ಅನುಕೂಲಕ್ಕಾಗಿ ಯಾವುದೂ ಇರುವುದಿಲ್ಲ. ಬರಲಿರುವ ಒಬ್ಬ ಅಪರಿಚಿತನನ್ನು ಕಲ್ಪಿಸಿಕೊಂಡು ಎಲ್ಲವನ್ನೂ ಜೋಡಿಸಿರುತ್ತಾರೆ. ಆ ಕಲ್ಪನೆಯ ಅಪರಿಚಿತ ಯಾರು? ಆ ಕಲ್ಪನೆಯಲ್ಲಿ ಯಾರಿಗೆ ಜಾಗವಿಲ್ಲ? ಈ ಎರಡು ಪ್ರಶ್ನೆ ಕೇಳಿದ ಕೂಡಲೇ ಸುಣ್ಣಬಣ್ಣದ ವಿಷಯ ಇತಿಹಾಸದ ವಿಷಯವಾಗಿಬಿಡುತ್ತದೆ.

ಇದಕ್ಕೆ ಅಮೆರಿಕದ ಉದಾಹರಣೆಯನ್ನು ಆರಿಸಿಕೊಳ್ಳೋಣ. ಮನೆ ಮಾರಾಟ ಒಂದು ಬೃಹತ್ ಉದ್ಯಮವಾಗಿ ಬೆಳೆದದ್ದು ಅಲ್ಲಿ. ಆ ಉದ್ಯಮದ ಕಾಗದಪತ್ರಗಳು, ಚಿತ್ರಗಳು, ನ್ಯಾಯಾಲಯದ ತೀರ್ಪುಗಳು ಎಲ್ಲವೂ ನಮ್ಮ ಪರಿಶೀಲನೆಗೆ ದೊರೆಯುತ್ತವೆ.

ನೋಡಲೆಂದೇ ಒಂದು ಮನೆ

ಮನೆಯನ್ನು ಸಾರ್ವಜನಿಕರು ನೋಡಲೆಂದೇ ಸಜ್ಜುಗೊಳಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಲಗೊಂಡಿತು. 1908ರಲ್ಲಿ ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆ ‘ಆದರ್ಶ ಮನೆ’ಯ ಪ್ರದರ್ಶನವನ್ನು ಆರಂಭಿಸಿತು. ಅಮೆರಿಕದಲ್ಲಿ ಇದು ಒಂದು ಚಳವಳಿಯ ರೂಪ ತಾಳಿದ್ದು 1922ರಲ್ಲಿ, ‘ಬೆಟರ್ ಹೋಮ್ಸ್ ಇನ್ ಅಮೆರಿಕ’ ಎಂಬ ಹೆಸರಿನಲ್ಲಿ. ಇದರ ಹಿಂದಿದ್ದವರು ‘ಡೆಲಿನಿಯೇಟರ್’ ಎಂಬ ಮಹಿಳಾ ಪತ್ರಿಕೆಯ ಸಂಪಾದಕಿ ಮೇರಿ ಮೆಲೋನಿ. ವಿಜ್ಞಾನದ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಡಬೇಕು. ಮೇರಿ ಕ್ಯೂರಿಯವರ ಸಂಶೋಧನೆಗೆ ಒಂದು ಗ್ರಾಂ ರೇಡಿಯಂ ಕೊಡಿಸಲು ಅಮೆರಿಕದ ಮಹಿಳೆಯರಿಂದ ಹಣ ಕೂಡಿಸಿ, 1921ರಲ್ಲಿ ಅದು ಅವರ ಕೈಸೇರುವಂತೆ ಮಾಡಿದವರೂ ಇವರೇ.

ಚಳವಳಿಯ ಕ್ರಮ ಹೀಗಿತ್ತು. ಊರಿನ ಸಮಿತಿಯೊಂದು ಒಂದು ಮನೆಯನ್ನು ಆರಿಸಿಕೊಳ್ಳುತ್ತಿತ್ತು. ಕುರ್ಚಿ, ಪರದೆ, ಒಲೆ, ಪಾತ್ರೆಗಳಿಂದ ಅದನ್ನು ಸಜ್ಜುಗೊಳಿಸಿ ಒಂದು ವಾರ ಜನರಿಗೆ ತೆರೆದಿಡುತ್ತಿತ್ತು. 1923ರಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿಯೇ ಇಂಥ ಮಾದರಿ ಮನೆಯೊಂದು ಎದ್ದು ನಿಂತಿತು. ಆಗ ವಾಣಿಜ್ಯ ಕಾರ್ಯದರ್ಶಿಯಾಗಿದ್ದು ಮುಂದೆ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಚಳವಳಿಯ ಬೆನ್ನಿಗೆ ನಿಂತರು. ಮನೆ ನೋಡಿದವರು ಅದನ್ನೇ ಕೊಳ್ಳಬೇಕೆಂಬ ನಿಯಮವಿರಲಿಲ್ಲ. ಅಂಥದೊಂದು ತಮಗೂ ಬೇಕೆಂದು ಅನಿಸಿದರೆ ಸಾಕಿತ್ತು.

ಆಸೆಯೇನೋ ಹುಟ್ಟಿತು. ಹಣ?

ಕಂತಿನ ಲೆಕ್ಕ

1930ಕ್ಕೆ ಮುಂಚೆ ಅಮೆರಿಕದಲ್ಲಿ ಮನೆಸಾಲ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ಮನೆಯ ಬೆಲೆಯ ಸುಮಾರು ಅರ್ಧದಷ್ಟನ್ನು ಕೈಯಿಂದ ಹಾಕಬೇಕಿತ್ತು. ಉಳಿದ ಸಾಲದ ಅವಧಿ ಹೆಚ್ಚಾಗಿ ಮೂರರಿಂದ ಐದು ವರ್ಷ. ಅವಧಿ ಮುಗಿದಾಗ ಅಸಲನ್ನು ಒಟ್ಟಿಗೆ ಕಟ್ಟಬೇಕು, ಇಲ್ಲವೇ ಸಾಲವನ್ನು ನವೀಕರಿಸಬೇಕು. 1929ರ ಮಹಾಕುಸಿತದ ನಂತರ ನವೀಕರಿಸುವ ಬ್ಯಾಂಕುಗಳೇ ಇಲ್ಲವಾದವು. ಲಕ್ಷಾಂತರ ಜನರ ಮನೆಗಳು ಕೈತಪ್ಪಿ ಹೋದವು.

ಈ ಬಿಕ್ಕಟ್ಟಿಗೆ ಪರಿಹಾರವೆಂದು 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಅದು ಸ್ವತಃ ಸಾಲ ಕೊಡುತ್ತಿರಲಿಲ್ಲ. ಬ್ಯಾಂಕು ಕೊಟ್ಟ ಸಾಲಕ್ಕೆ ವಿಮೆಯ ಭರವಸೆ ನೀಡುತ್ತಿತ್ತು. ಸಾಲಗಾರ ಕೈಯೆತ್ತಿದರೂ ಬ್ಯಾಂಕಿಗೆ ನಷ್ಟವಿಲ್ಲ. ಆದ್ದರಿಂದ ಬ್ಯಾಂಕುಗಳು ಇಪ್ಪತ್ತು, ಇಪ್ಪತ್ತೈದು, ಮುಂದೆ ಮೂವತ್ತು ವರ್ಷಗಳವರೆಗೂ ಸಾಲ ಕೊಡಲು ಮುಂದಾದವು. ತಿಂಗಳ ಕಂತಿನಲ್ಲಿ ಬಡ್ಡಿಯೂ ಅಸಲೂ ಸೇರಿಯೇ ತೀರುತ್ತಾ ಹೋಗುವ ಏರ್ಪಾಡು ಬಂತು. 1944ರ ಕಾಯಿದೆಯ ಪ್ರಕಾರ ಯುದ್ಧದಿಂದ ಮರಳಿದ ಸೈನಿಕರಿಗೆ ಮುಂಗಡವೇ ಇಲ್ಲದೆ ಮನೆಸಾಲ ದೊರೆಯುವ ದಾರಿ ತೆರೆಯಿತು.

ಮನೆ ಕಟ್ಟುವವನ ಕಡೆಯಿಂದಲೂ ಈ ಲೆಕ್ಕವನ್ನು ನೋಡಿ. ಅವನೂ ಸಾಲ ತಂದೇ ಕಟ್ಟುತ್ತಾನೆ. ಮನೆ ಮಾರಾಟವಾಗದೆ ನಿಂತ ಪ್ರತಿ ದಿನವೂ ಅವನ ತಲೆಯ ಮೇಲೆ ಬಡ್ಡಿ ಏರುತ್ತದೆ. ಆದ್ದರಿಂದ ‘ಬೇಗ ಮಾರಬೇಕು’ ಎಂಬುದು ಅವನಿಗೆ ಆತುರದ ಮಾತಲ್ಲ, ಲಾಭನಷ್ಟವನ್ನೇ ನಿರ್ಧರಿಸುವ ಸಂಗತಿ. ಒಂದು ಮನೆಯನ್ನು ಚೆನ್ನಾಗಿ ಸಿಂಗರಿಸಿ ತೋರಿಸಿ, ಇನ್ನೂ ಕಟ್ಟದಿರುವ ಸಾವಿರ ಮನೆಗಳನ್ನು ಮಾರಬಹುದಾದರೆ? ಈ ಉಪಾಯವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಬಳಸಿದವರು ಲೆವಿಟ್ ಎಂಬ ಕುಟುಂಬದವರು.

ಆಲೂಗಡ್ಡೆ ಹೊಲದಲ್ಲಿ ಮನೆಗಳ ಬೆಳೆ

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಅಮೆರಿಕದಲ್ಲಿ ಮನೆಗಳ ಅಭಾವ ತೀವ್ರವಾಗಿತ್ತು. ಮರಳಿದ ಸೈನಿಕರು ಹೆಂಡತಿ ಮಕ್ಕಳೊಡನೆ ತಂದೆತಾಯಿಯರ ಮನೆಯ ಒಂದು ಕೋಣೆಯಲ್ಲಿ ಇದ್ದರು. ಚಿಕಾಗೋದಲ್ಲಿ ಹಳೆಯ ಟ್ರಾಮ್ ಗಾಡಿಗಳು ವಾಸಕ್ಕೆಂದು ಮಾರಾಟವಾದವು.

ನ್ಯೂಯಾರ್ಕ್ ನಗರದ ಪೂರ್ವಕ್ಕೆ ಲಾಂಗ್ ಐಲ್ಯಾಂಡ್ ಎಂಬ ಉದ್ದನೆಯ ದ್ವೀಪವಿದೆ. ಅಲ್ಲಿನ ಆಲೂಗಡ್ಡೆ ಬೆಳೆಗೆ ಗೋಲ್ಡನ್ ನೆಮಟೋಡ್ ಎಂಬ ಸೂಕ್ಷ್ಮ ಹುಳುವಿನ ಕಾಟ ಶುರುವಾಗಿ ರೈತರು ಕಂಗಾಲಾಗಿದ್ದರು. ಆ ಹೊಲಗಳನ್ನು ಲೆವಿಟ್ ಅಂಡ್ ಸನ್ಸ್ ಕಂಪನಿ ಕೊಂಡಿತು. ತಂದೆ ಅಬ್ರಹಾಂ ವಕೀಲರು. ಹಿರಿಯ ಮಗ ವಿಲಿಯಂ ವ್ಯವಹಾರ ನೋಡುತ್ತಿದ್ದರು. ಕಿರಿಯ ಮಗ ಆಲ್ಫ್ರೆಡ್ ಮನೆಗಳ ನಕ್ಷೆ ಬರೆಯುತ್ತಿದ್ದರು. 1947ರ ಅಕ್ಟೋಬರಿನಲ್ಲಿ ಮೊದಲ ಕುಟುಂಬಗಳು ಅಲ್ಲಿಗೆ ಬಂದವು. 1951ರ ಹೊತ್ತಿಗೆ ಅಲ್ಲಿ 17,000ಕ್ಕೂ ಹೆಚ್ಚು ಮನೆಗಳಿದ್ದವು. ಊರಿಗೆ ಕಟ್ಟಿದವರ ಹೆಸರೇ ಬಂತು: ಲೆವಿಟೌನ್.

ಇಷ್ಟು ವೇಗ ಹೇಗೆ ಸಾಧ್ಯವಾಯಿತು? ಕಾರಿನ ಕಾರ್ಖಾನೆಯಲ್ಲಿ ಕೆಲಸಗಾರ ನಿಂತಲ್ಲೇ ನಿಂತಿರುತ್ತಾನೆ, ಕಾರು ಮುಂದೆ ಸಾಗುತ್ತದೆ. ಲೆವಿಟ್ ಇದನ್ನು ತಿರುಗುಮುರುಗು ಮಾಡಿದರು. ಮನೆ ಇದ್ದಲ್ಲೇ ಇತ್ತು. ಕೆಲಸಗಾರರ ತಂಡಗಳು ಒಂದು ಮನೆಯಿಂದ ಮುಂದಿನ ಮನೆಗೆ ಸಾಗುತ್ತಿದ್ದವು. ಇಡೀ ಕೆಲಸವನ್ನು ಸುಮಾರು 27 ಹಂತಗಳಾಗಿ ಒಡೆದಿದ್ದರು. ಒಂದು ತಂಡಕ್ಕೆ ಒಂದೇ ಹಂತ. ಅಳತೆಗೆ ಕೊಯ್ದ ಮರ, ಪೈಪು, ಕಿಟಕಿಗಳ ಕಟ್ಟುಗಳನ್ನು ಲಾರಿಗಳು ಪ್ರತಿ 60 ಅಡಿಗೆ ಒಂದರಂತೆ ಇಳಿಸಿ ಹೋಗುತ್ತಿದ್ದವು. ನೆಲಮಾಳಿಗೆ ಇಲ್ಲ. ನೆಲಕ್ಕೆ ಕಾಂಕ್ರೀಟು ಸುರಿಯುವಾಗಲೇ ಅದರೊಳಗೆ ತಾಮ್ರದ ಕೊಳವೆ ಹುದುಗಿಸುತ್ತಿದ್ದರು. ಅದರಲ್ಲಿ ಬಿಸಿನೀರು ಹರಿದು ಚಳಿಗಾಲದಲ್ಲಿ ನೆಲವೇ ಬೆಚ್ಚಗಾಗುತ್ತಿತ್ತು. ಕೆಲಸ ಭರದಿಂದ ಸಾಗಿದ್ದಾಗ ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮನೆಗಳು ಮುಗಿಯುತ್ತಿದ್ದವು.

ಕಿಟಕಿ, ಒಗೆಯುವ ಯಂತ್ರ, ಟಿ.ವಿ.

ಮೊದಲ ಮನೆಗಳು ತಿಂಗಳಿಗೆ 60 ಡಾಲರಿನ ಬಾಡಿಗೆಯವು. ಸುಮಾರು 750 ಚದರ ಅಡಿಯಲ್ಲಿ ಎರಡು ಮಲಗುವ ಕೋಣೆ. 1949ರಲ್ಲಿ ಹೊಸ ವಿನ್ಯಾಸದ ಮನೆ ಮಾರಾಟಕ್ಕೆ ಬಂತು. ಬೆಲೆ 7,990 ಡಾಲರು. ಮಾಜಿ ಸೈನಿಕರಿಗೆ ಮುಂಗಡವಿಲ್ಲ. ಆ ವರ್ಷ ಒಂದೇ ದಿನದಲ್ಲಿ 1,400ಕ್ಕೂ ಹೆಚ್ಚು ಮಾರಾಟದ ಕರಾರುಗಳಾದವು.

ಈ ಮನೆಯಲ್ಲಿ ಕೊಳ್ಳುವವರ ಕಣ್ಣಿಗೆ ಬೀಳಲೆಂದೇ ಏನೇನನ್ನು ಇಟ್ಟಿದ್ದರು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಳೆಯ ಕ್ರಮದಲ್ಲಿ ಅಡುಗೆಮನೆ ಹಿಂದೆ, ಕೂಡುವ ಕೋಣೆ ಮುಂದೆ. ಆಲ್ಫ್ರೆಡ್ ಅಡುಗೆಮನೆಯನ್ನು ರಸ್ತೆಯ ಕಡೆಗೆ ತಂದರು. ಕೂಡುವ ಕೋಣೆಯನ್ನು ಹಿತ್ತಿಲ ಕಡೆಗೆ ಒಯ್ದು ಅದಕ್ಕೆ ಗೋಡೆಯಷ್ಟೇ ಅಗಲದ ಗಾಜಿನ ಕಿಟಕಿ ಇಟ್ಟರು. ಮನೆ ಚಿಕ್ಕದು, ಆದರೆ ಒಳಗೆ ಕಾಲಿಟ್ಟವರ ದೃಷ್ಟಿ ಆ ಗಾಜನ್ನು ದಾಟಿ ಹಿತ್ತಿಲ ಹುಲ್ಲಿನವರೆಗೂ ಹರಿಯುತ್ತಿತ್ತು. ಕೋಣೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಇಂದು ಮನೆ ತೋರಿಸುವವರು ಪರದೆ ಸರಿಸಿ ಬೆಳಕು ತುಂಬಿಸುವುದೂ ಇದೇ ತತ್ತ್ವದ ಮೇಲೆ.

ಒಲೆ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಮನೆಯ ಬೆಲೆಯಲ್ಲೇ ಸೇರಿದ್ದವು. 1950ರ ಮಾದರಿಯಲ್ಲಂತೂ ಮಹಡಿ ಮೆಟ್ಟಿಲಿನ ಪಕ್ಕದ ಗೋಡೆಯೊಳಗೆ ಒಂದು ಟಿ.ವಿ. ಪೆಟ್ಟಿಗೆಯನ್ನೇ ಕೂರಿಸಿದ್ದರು. ಗೋಡೆಯೊಳಗೆ ಕೂರಿಸಿದ್ದಕ್ಕೆ ಅಂದದ ಜೊತೆಗೆ ಲೆಕ್ಕದ ಕಾರಣವೂ ಇತ್ತು. ಗೋಡೆಗೆ ಸೇರಿದ ವಸ್ತು ಮನೆಯ ಭಾಗ. ಮನೆಯ ಭಾಗವಾದದ್ದರಿಂದ ಅದರ ಬೆಲೆಯೂ ಮನೆಸಾಲದ ಕಂತಿನೊಳಗೆ ಕರಗಿಹೋಗುತ್ತದೆ. ಕೊಳ್ಳುವವರಿಗೆ ಟಿ.ವಿ. ಬಿಟ್ಟಿಯಾಗಿ ಬಂದಂತೆ ಕಾಣುತ್ತಿತ್ತು.

ಮಾರಿದ ಮೇಲೂ ಸಿಂಗಾರ ಕೆಡಬಾರದಿತ್ತು. ಬೇಲಿ ಹಾಕುವಂತಿಲ್ಲ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ಶನಿವಾರ ಭಾನುವಾರ ಬಟ್ಟೆ ಒಣಹಾಕಬಾರದು ಎಂಬ ಷರತ್ತುಗಳಿದ್ದವು. ಪ್ರತಿ ಮನೆಗೂ ಹಣ್ಣಿನ ಗಿಡಗಳನ್ನು ನೆಡಿಸಿದ ಅಬ್ರಹಾಂ ಲೆವಿಟ್ಟರು ತೋಟಗಾರಿಕೆಯ ಬಗ್ಗೆ ಪತ್ರಿಕೆಯಲ್ಲಿ ಅಂಕಣವನ್ನೂ ಬರೆಯುತ್ತಿದ್ದರು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಇಂದು ಮಾರಿದ ಮನೆಯೇ ನಾಳೆ ಮಾರಬೇಕಾದ ಮನೆಗೆ ಜಾಹೀರಾತು.

ಕಾಗದದ ಮೇಲಿನ ಇನ್ನೊಂದು ಷರತ್ತು

ಹುಲ್ಲು ಮತ್ತು ಬಟ್ಟೆಯ ಷರತ್ತುಗಳ ಜೊತೆಯಲ್ಲೇ ಮೊದಲ ಬಾಡಿಗೆ ಕರಾರುಗಳಲ್ಲಿ ಇನ್ನೊಂದು ಷರತ್ತಿತ್ತು. ಬಿಳಿಯ ಜನಾಂಗಕ್ಕೆ ಸೇರದವರು ಆ ಮನೆಯಲ್ಲಿ ವಾಸಿಸುವಂತಿಲ್ಲ ಎಂಬುದೇ ಆ ಷರತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ.

ಯುದ್ಧದಲ್ಲಿ ಕಪ್ಪು ಜನಾಂಗದ ಸೈನಿಕರೂ ಹೋರಾಡಿದ್ದರು. ಅವರಿಗೂ ಮನೆ ಬೇಕಿತ್ತು. ಕಂತು ಕಟ್ಟುವ ಶಕ್ತಿ ಅವರಲ್ಲೂ ಹಲವರಿಗಿತ್ತು. ಅದೇ ಜಾಹೀರಾತನ್ನು ಓದಿ, ಅದೇ ಮಾದರಿ ಮನೆಯನ್ನು ನೋಡಲು ಬಂದವರಿಗೆ ಅರ್ಜಿ ನಮೂನೆಯೇ ಸಿಗಲಿಲ್ಲ.

ಇದು ಒಂದು ಕಂಪನಿಯ ಸಣ್ಣತನ ಮಾತ್ರವಾಗಿದ್ದರೆ ಇತಿಹಾಸದಲ್ಲಿ ಇಷ್ಟು ಜಾಗ ಬೇಕಿರಲಿಲ್ಲ. ಸಾಲಕ್ಕೆ ಭರವಸೆ ಕೊಡುವ ಸರ್ಕಾರಿ ಸಂಸ್ಥೆಯ ಕೈಪಿಡಿಯೇ ಬೇರೆ ಬೇರೆ ಜನಾಂಗದವರು ಬೆರೆತರೆ ಆಸ್ತಿಯ ಮೌಲ್ಯ ಕುಸಿಯುತ್ತದೆ ಎಂದು ಭಾವಿಸಿತ್ತು; ಅದನ್ನು ತಡೆಯುವ ಷರತ್ತುಗಳನ್ನು ಶಿಫಾರಸು ಮಾಡಿತ್ತು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಒಂದು ಪ್ರಯೋಗದಂತೆ ಯೋಚಿಸಿ ನೋಡಿ. ಒಂದು ಹನಿ ನೀರಿನ ಉಷ್ಣತೆಯನ್ನು ದೊಡ್ಡದೊಂದು ಥರ್ಮಾಮೀಟರಿನಿಂದ ಅಳೆಯಲು ಹೋದರೆ ಥರ್ಮಾಮೀಟರೇ ಆ ಹನಿಯ ಉಷ್ಣತೆಯನ್ನು ಬದಲಿಸಿಬಿಡುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಕಪ್ಪು ಜನರು ಬಂದರೆ ಬೆಲೆ ಕುಸಿಯುತ್ತದೆ ಎಂದು ಸಂಸ್ಥೆ ಹೇಳಿತು. ಅಂಥ ಬಡಾವಣೆಗೆ ಸಾಲದ ಭರವಸೆ ನಿರಾಕರಿಸಿತು. ಸಾಲ ಸಿಗದ ಬಡಾವಣೆಯಲ್ಲಿ ಕೊಳ್ಳುವವರಿಲ್ಲದೆ ಬೆಲೆ ಕುಸಿಯಿತು. ಕೊನೆಗೆ ಆ ಕುಸಿತವೇ ಮೊದಲ ಮಾತಿಗೆ ಪುರಾವೆಯಾಯಿತು!

1948ರ ಮೇ ತಿಂಗಳಲ್ಲಿ ‘ಶೆಲ್ಲಿ ವಿರುದ್ಧ ಕ್ರೇಮರ್’ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇಂಥ ಜನಾಂಗೀಯ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ತೀರ್ಪಿತ್ತಿತು. ಲೆವಿಟೌನಿನ ಕರಾರಿನಿಂದ ಆ ಸಾಲು ಹೋಯಿತು, ಆದರೆ ಪದ್ಧತಿ ಉಳಿಯಿತು. ವಸತಿಯ ಸಮಸ್ಯೆಯನ್ನು ಬಗೆಹರಿಸಬಲ್ಲೆವು, ಜನಾಂಗದ ಸಮಸ್ಯೆಯನ್ನು ಬೇಕಾದರೂ ಬಗೆಹರಿಸಲು ಯತ್ನಿಸಬಹುದು, ಎರಡನ್ನೂ ಒಟ್ಟಿಗೆ ಆಗದು ಎಂಬುದು ವಿಲಿಯಂ ಲೆವಿಟ್ಟರ ವಾದ. ಕಪ್ಪು ಕುಟುಂಬವೊಂದಕ್ಕೆ ಮನೆ ಕೊಟ್ಟರೆ ಬಿಳಿಯರು ಕೊಳ್ಳಲು ಬರುವುದಿಲ್ಲ ಎಂಬುದು ಅವರ ಲೆಕ್ಕ. ಬೇಗ ಮಾರಬೇಕು ಎಂಬ ಗುರಿಯೊಂದನ್ನೇ ಅಳತೆಗೋಲು ಮಾಡಿಕೊಂಡಾಗ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಗಮನಿಸಿ.

1957ರ ಆಗಸ್ಟ್

ಲೆವಿಟ್ ಕಂಪನಿ ಎರಡನೆಯ ಲೆವಿಟೌನನ್ನು 1952ರಿಂದ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿತು. ಅಲ್ಲಿಯೂ 17,000ಕ್ಕೂ ಹೆಚ್ಚು ಮನೆಗಳು, ಅಲ್ಲಿಯೂ ಅದೇ ಪದ್ಧತಿ. ಆದರೆ ಒಮ್ಮೆ ಮಾರಿದ ಮನೆಯನ್ನು ಅದರ ಮಾಲೀಕ ಇನ್ನೊಬ್ಬರಿಗೆ ಮಾರುವುದನ್ನು ಕಂಪನಿ ತಡೆಯಲಾಗಲಿಲ್ಲ. 1957ರ ಆಗಸ್ಟಿನಲ್ಲಿ ಹಾಗೆ ಎರಡನೆಯ ಕೈಯಿಂದ ಒಂದು ಮನೆಯನ್ನು ಕೊಂಡು ವಿಲಿಯಂ ಮತ್ತು ಡೈಸಿ ಮೈಯರ್ಸ್ ದಂಪತಿಗಳು ಮೂವರು ಮಕ್ಕಳೊಡನೆ ಬಂದರು. ವಿಲಿಯಂ ಮಾಜಿ ಸೈನಿಕ. ಡೈಸಿ ಪದವೀಧರೆ, ಶಿಕ್ಷಕಿ. ಲೆವಿಟೌನ್ ಯಾರನ್ನು ಕಲ್ಪಿಸಿಕೊಂಡು ಕಟ್ಟಿದ ಊರೋ, ಚರ್ಮದ ಬಣ್ಣವೊಂದನ್ನು ಬಿಟ್ಟರೆ, ಎಲ್ಲ ರೀತಿಯಲ್ಲೂ ಅಂಥದೇ ಕುಟುಂಬ.

ಅಂದು ಸಂಜೆಯಿಂದಲೇ ಮನೆಯ ಮುಂದೆ ನೂರಾರು ಜನ ಸೇರತೊಡಗಿದರು. ದಿನಗಟ್ಟಲೆ ಅದು ನಡೆಯಿತು. ಕಲ್ಲುಗಳು ತೂರಿಬಂದವು, ಮನೆಗೆ ಶೋಭೆಯೆಂದು ಇಟ್ಟಿದ್ದ ದೊಡ್ಡ ಗಾಜಿನ ಕಿಟಕಿ ಒಡೆಯಿತು. ಸಮೀಪದ ಖಾಲಿ ಮನೆಯೊಂದರಲ್ಲಿ ವಿರೋಧಿಗಳು ಬೀಡುಬಿಟ್ಟು, ಗುಲಾಮಗಿರಿಯ ಪರ ಯುದ್ಧ ಮಾಡಿದ್ದ ದಕ್ಷಿಣದ ರಾಜ್ಯಗಳ ಬಾವುಟ ಹಾರಿಸಿ ಗದ್ದಲವೆಬ್ಬಿಸಿದರು. ಕೊನೆಗೆ ರಾಜ್ಯದ ಪೊಲೀಸರು ಬರಬೇಕಾಯಿತು, ಕಿರುಕುಳದ ವಿರುದ್ಧ ನ್ಯಾಯಾಲಯದ ತಡೆಯಾಜ್ಞೆ ಬರಬೇಕಾಯಿತು. ಬೆಂಬಲಕ್ಕೆ ನಿಂತ ನೆರೆಹೊರೆಯವರೂ ಇದ್ದರು. ಅವರೂ ಬೆದರಿಕೆಗಳನ್ನು ಎದುರಿಸಿದರು. ಮೈಯರ್ಸ್ ಕುಟುಂಬ ಹೆದರಿ ಓಡಲಿಲ್ಲ, ಅಲ್ಲಿಯೇ ವರ್ಷಗಳ ಕಾಲ ಬಾಳಿತು.

ಆ ದಿನಗಳ ಬಗ್ಗೆ ‘ಕ್ರೈಸಿಸ್ ಇನ್ ಲೆವಿಟೌನ್’ ಎಂಬ ಸಾಕ್ಷ್ಯಚಿತ್ರವಿದೆ. ಅಚ್ಚುಕಟ್ಟಾದ ಮನೆಗಳ ಮುಂದೆ ಕುಳಿತ ಸಭ್ಯ ಗೃಹಿಣಿಯರು, ಕ್ಯಾಮರಾದ ಮುಂದೆ ಯಾವ ಅಳುಕೂ ಇಲ್ಲದೆ, ಕಪ್ಪು ಕುಟುಂಬ ಬಂದರೆ ತಮ್ಮ ಮನೆಯ ಬೆಲೆ ಏನಾದೀತು ಎಂದು ಮಾತನಾಡುತ್ತಾರೆ. ಸಾಕ್ಷ್ಯಚಿತ್ರ ಮಾಡುವ ಆಸೆಯಿರುವವರು ಇದನ್ನೊಮ್ಮೆ ನೋಡಬೇಕು.

ಮೂರನೆಯ ಲೆವಿಟೌನ್ ನ್ಯೂಜೆರ್ಸಿಯಲ್ಲಿ 1958ರಲ್ಲಿ ಆರಂಭವಾಯಿತು. ಸರ್ಕಾರದ ಭರವಸೆಯ ಸಾಲದಿಂದ ಮಾರುವ ಮನೆಗಳಲ್ಲಿ ಭೇದ ಮಾಡುವಂತಿಲ್ಲ ಎಂಬ ಆ ರಾಜ್ಯದ ಕಾನೂನನ್ನು 1960ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು, ಬಾಗಿಲು ತೆರೆಯಿತು. ಇಡೀ ದೇಶಕ್ಕೆ ಅನ್ವಯವಾಗುವ ವಸತಿ ನ್ಯಾಯದ ಕಾಯಿದೆ ಬಂದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರದ ನಂತರ. ಅಷ್ಟರಲ್ಲಿ ಎರಡು ದಶಕಗಳು ಕಳೆದಿದ್ದವು. 7,990 ಡಾಲರಿಗೆ ಮಾರಾಟವಾದಂಥ ಮನೆಗಳ ಬೆಲೆ ಇಂದು ಹಲವು ಲಕ್ಷ ಡಾಲರುಗಳು. ಕೊಂಡವರ ಮಕ್ಕಳಿಗೆ ಅದು ಪಿತ್ರಾರ್ಜಿತ ಆಸ್ತಿಯಾಯಿತು. ಬಾಗಿಲಿನಿಂದಲೇ ಹಿಂದಿರುಗಿದವರ ಮಕ್ಕಳಿಗೆ ಅಂಥದೇನೂ ದೊರೆಯಲಿಲ್ಲ.

ಮಾಸ್ಕೋದಲ್ಲಿ ಎರಡು ಹೋಳಾದ ಮನೆ

ಇದೇ ಕಾಲದಲ್ಲಿ ಇನ್ನೊಂದು ಸಿಂಗರಿಸಿದ ಮನೆ ಜಗತ್ಪ್ರಸಿದ್ಧವಾಯಿತು. 1959ರ ಜುಲೈನಲ್ಲಿ ಮಾಸ್ಕೋದ ಸೊಕೊಲ್ನಿಕಿ ಉದ್ಯಾನದಲ್ಲಿ ಅಮೆರಿಕ ಒಂದು ವಸ್ತುಪ್ರದರ್ಶನ ಏರ್ಪಡಿಸಿತು. ಅದರಲ್ಲಿ ಲಾಂಗ್ ಐಲ್ಯಾಂಡಿನ ಬಡಾವಣೆಯೊಂದರ ಮಾದರಿಯ ಮನೆಯಿತ್ತು. ಜನ ಸಾಲಾಗಿ ನೋಡುತ್ತಾ ಹೋಗಲೆಂದು ಅದನ್ನು ನಡುವೆ ಸೀಳಿ ದಾರಿ ಬಿಟ್ಟಿದ್ದರು. ಸ್ಪುಟ್ನಿಕ್ ಉಪಗ್ರಹದ ನೆನಪಿನಿಂದ ಅದಕ್ಕೆ ‘ಸ್ಪ್ಲಿಟ್ನಿಕ್’ ಎಂಬ ಅಡ್ಡಹೆಸರು ಬಂತು.

ಜುಲೈ 24ರಂದು ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಆ ಮನೆಯ ಅಡುಗೆಮನೆಯ ಮುಂದೆ ನಿಂತು ವಾದಕ್ಕಿಳಿದರು. ಇಂಥ 14,000 ಡಾಲರಿನ ಮನೆಯನ್ನು ಉಕ್ಕಿನ ಕಾರ್ಖಾನೆಯ ಕಾರ್ಮಿಕನೂ ಕೊಳ್ಳಬಲ್ಲ ಎಂದರು ನಿಕ್ಸನ್. ಅಮೆರಿಕದ ಮನೆಗಳು ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು, ಮತ್ತೆ ಹೊಸದನ್ನು ಮಾರಲೆಂದೇ ಹಾಗೆ ಕಟ್ಟುತ್ತೀರಿ ಎಂದರು ಕ್ರುಶ್ಚೇವ್. ಪ್ರದರ್ಶನದಲ್ಲಿದ್ದ ಬಣ್ಣದ ಟಿ.ವಿ. ಸ್ಟುಡಿಯೋದಲ್ಲಿ ಅವರ ಮಾತುಕತೆಯ ಒಂದು ಭಾಗ ಆಂಪೆಕ್ಸ್ ವಿಡಿಯೋ ಟೇಪಿನಲ್ಲಿ ದಾಖಲಾಯಿತು. ವಿಡಿಯೋ ಟೇಪು ಬಳಕೆಗೆ ಬಂದು ಆಗ ಕೇವಲ ಮೂರು ವರ್ಷ.

ಈ ಮನೆಯನ್ನು ಸೋವಿಯತ್ ಸುದ್ದಿ ಸಂಸ್ಥೆ ತಾಸ್ ಹೇಗೆ ಟೀಕಿಸಿತು ಗೊತ್ತೇ? ಇದನ್ನು ಅಮೆರಿಕದ ಸಾಮಾನ್ಯ ಕಾರ್ಮಿಕನ ಮನೆ ಎಂದು ತೋರಿಸುವುದು, ತಾಜಮಹಲನ್ನು ಬೊಂಬಾಯಿಯ ಬಟ್ಟೆ ಗಿರಣಿ ಕೆಲಸಗಾರನ ಮನೆ ಎಂದು ತೋರಿಸಿದಂತೆ ಎಂಬರ್ಥದ ಮಾತು ಆಡಿತು. ಹೋಲಿಕೆ ಅತಿಯಾಯಿತು, ನಿಜ. ಆದರೂ ಪ್ರಶ್ನೆ ನಾವು ಆರಂಭದಲ್ಲಿ ಕೇಳಿದ್ದೇ: ಈ ಮನೆಗೆ ಬರಲಿರುವವನೆಂದು ಕಲ್ಪಿಸಿಕೊಂಡ ಮನುಷ್ಯ ಯಾರು? ಆ ಉಕ್ಕಿನ ಕಾರ್ಮಿಕ ಕಪ್ಪು ಜನಾಂಗದವನಾಗಿದ್ದರೆ ಬೆಲೆ ಕೈಗೆಟುಕಿದರೂ ಮನೆ ಎಟುಕುತ್ತಿರಲಿಲ್ಲ ಎಂಬುದನ್ನು ಮೈಯರ್ಸ್ ಕುಟುಂಬದ ಕಥೆ ಎರಡು ವರ್ಷ ಮುಂಚೆಯೇ ಹೇಳಿತ್ತು.

ಗೋಡೆಯ ಮೇಲಿನ ಫೋಟೋ

ವಾಸವಿದ್ದ ಹಳೆಯ ಮನೆಯನ್ನೇ ಮಾದರಿ ಮನೆಯಂತೆ ಸಿಂಗರಿಸಿ ಮಾರುವ ಕೆಲಸಕ್ಕೆ ಅಮೆರಿಕದಲ್ಲಿ ‘ಸ್ಟೇಜಿಂಗ್’ ಎಂದು ಹೆಸರು. ರಂಗಭೂಮಿಯ ಮಾತು. 1972ರಲ್ಲಿ ಈ ಕೆಲಸವನ್ನು ಆರಂಭಿಸಿದ್ದು ತಾನೇ ಎಂದು ಸಿಯಾಟಲ್ ಪ್ರದೇಶದ ಬಾರ್ಬ್ ಶ್ವಾರ್ಜ್ ಎಂಬುವರು ಹೇಳುತ್ತಾರೆ. ಇದು ಈಗ ಪ್ರತ್ಯೇಕ ವೃತ್ತಿಯಾಗಿದೆ. ಅದರ ನಿಯಮಗಳು ಸರಳ: ಸ್ವಚ್ಛಗೊಳಿಸಿ, ಸಾಮಾನು ಕಡಿಮೆ ಮಾಡಿ, ತಿಳಿಬಣ್ಣ ಬಳಿಯಿರಿ, ಬೆಳಕು ಬರಲಿ. ಇನ್ನೊಂದು ಮುಖ್ಯ ನಿಯಮವಿದೆ. ಗೋಡೆಯ ಮೇಲಿನ ನಿಮ್ಮ ಕುಟುಂಬದ ಫೋಟೋಗಳನ್ನು ತೆಗೆದಿಡಿ. ಕೊಳ್ಳುವವರು ಅಲ್ಲಿ ತಮ್ಮನ್ನು ಕಲ್ಪಿಸಿಕೊಳ್ಳಬೇಕು, ನಿಮ್ಮನ್ನಲ್ಲ.

ಮೇಲುನೋಟಕ್ಕೆ ಇದು ಮನಶ್ಶಾಸ್ತ್ರದ ಸಣ್ಣ ಸೂಚನೆ. ಆದರೆ 2020ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯಲ್ಲಿ ನಡೆದದ್ದನ್ನು ಕೇಳಿ. ಕಪ್ಪು ಜನಾಂಗದ ದಂಪತಿಗಳು ಸಾಲಕ್ಕಾಗಿ ತಮ್ಮ ಮನೆಯ ಮೌಲ್ಯಮಾಪನ ಮಾಡಿಸಿದರು. 9,95,000 ಡಾಲರು ಎಂದು ಬಂತು. ಅನುಮಾನಗೊಂಡ ಅವರು ಕೆಲವು ವಾರಗಳ ನಂತರ ಬೇರೊಬ್ಬರಿಂದ ಮತ್ತೆ ಮೌಲ್ಯ ಕಟ್ಟಿಸಿದರು. ಈ ಸಲ ತಮ್ಮ ಕುಟುಂಬದ ಫೋಟೋಗಳನ್ನೂ ಆಫ್ರಿಕನ್ ಕಲಾಕೃತಿಗಳನ್ನೂ ತೆಗೆದಿಟ್ಟು, ಬಿಳಿಯ ಗೆಳತಿಯೊಬ್ಬರನ್ನು ಮನೆಯ ಒಡತಿಯಂತೆ ನಿಲ್ಲಿಸಿದರು. ಬಂದ ಬೆಲೆ 14,82,500 ಡಾಲರು. ಮನೆ ಅದೇ, ಗೋಡೆಗಳು ಅವೇ. ದಂಪತಿಗಳು 2021ರಲ್ಲಿ ಮೊಕದ್ದಮೆ ಹೂಡಿದರು. ಮೊದಲ ಮೌಲ್ಯಮಾಪಕರೊಡನೆ 2023ರಲ್ಲಿ ರಾಜಿಯಾಯಿತು.

ಬೇಗ ಮಾರಾಟವಾಗಲೆಂದು ಎಲ್ಲರೂ ಫೋಟೋ ತೆಗೆದಿಡುತ್ತಾರೆ. ಆದರೆ ತನ್ನ ಮುಖವನ್ನೇ ಮರೆಮಾಡದೆ ತನ್ನ ಮನೆಗೆ ನ್ಯಾಯವಾದ ಬೆಲೆ ಬಾರದು ಎಂಬ ಭಯದಿಂದ ತೆಗೆದಿಡುವುದು ಬೇರೆ. 1947ರಲ್ಲಿ ಕಾಗದದ ಮೇಲಿದ್ದ ಷರತ್ತು ಕಾಗದದಿಂದ ಹೋದರೂ ಬೆಲೆ ಕಟ್ಟುವವರ ಕಣ್ಣಿನಲ್ಲಿ ಉಳಿದುಕೊಳ್ಳಬಲ್ಲದು.

ನಮ್ಮ ಕಾನೂನು, ನಮ್ಮ ಬೋರ್ಡು

ಸುಣ್ಣಬಣ್ಣ ಮಾಡಿ ಮನೆ ಮಾರುವುದು ತಪ್ಪೇ? ಖಂಡಿತ ಅಲ್ಲ. ಎಲ್ಲಿಯವರೆಗೆ ಸರಿ ಎಂಬುದಕ್ಕೆ ನಮ್ಮ ದೇಶದ ಕಾನೂನು ಒಂದು ಗೆರೆ ಎಳೆದಿದೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ತಿಳಿಯದಂಥ ಮುಖ್ಯ ದೋಷವೊಂದು ಆಸ್ತಿಯಲ್ಲಿ ಇದ್ದು, ಅದು ಮಾರುವವರಿಗೆ ಗೊತ್ತಿದ್ದರೆ ಅದನ್ನು ಹೇಳಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಸೆಕ್ಷನ್. ಬಿಲ್ಡರುಗಳು ತೋರಿಸುವ ಮಾದರಿ ಫ್ಲಾಟಿಗೂ ಕಾನೂನಿದೆ. ರೇರಾ ಎಂದು ನಾವು ಕರೆಯುವ 2016ರ ಕಾಯಿದೆಯ 12ನೆಯ ಸೆಕ್ಷನ್ ಪ್ರಕಾರ, ಜಾಹೀರಾತಿನ ಅಥವಾ ಮಾದರಿ ಫ್ಲಾಟಿನ ಸುಳ್ಳು ವಿವರವನ್ನು ನಂಬಿ ಹಣ ಕೊಟ್ಟು ನಷ್ಟ ಅನುಭವಿಸಿದವರು ಪರಿಹಾರ ಕೇಳಬಹುದು. ಅಂದರೆ ಸಿಂಗರಿಸಬಹುದು, ವಂಚಿಸುವಂತಿಲ್ಲ.

ಆದರೆ ಯಾರಿಗೆ ಮಾರುತ್ತೇವೆ, ಯಾರಿಗೆ ಬಾಡಿಗೆಗೆ ಕೊಡುತ್ತೇವೆ ಎಂಬ ಪ್ರಶ್ನೆ ನಮ್ಮಲ್ಲಿ ಇನ್ನೂ ಬಗೆಹರಿದಿಲ್ಲ. ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಮೀಸಲಿಟ್ಟ ಅಹಮದಾಬಾದಿನ ಗೃಹನಿರ್ಮಾಣ ಸಹಕಾರ ಸಂಘವೊಂದರ ಬೈಲಾವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಸಣ್ಣ ಸಮುದಾಯವೊಂದು ಕೂಡಿ ಬಾಳುವ ಸ್ವಾತಂತ್ರ್ಯ ಒಂದು ಕಡೆ, ಯಾವ ಪ್ರಜೆಯ ಮುಂದೆಯೂ ಬಾಗಿಲು ಮುಚ್ಚಬಾರದೆಂಬ ಸಮಾನತೆ ಇನ್ನೊಂದು ಕಡೆ. ಈ ತೀರ್ಪನ್ನೂ 1948ರ ಅಮೆರಿಕದ ತೀರ್ಪನ್ನೂ ಅಕ್ಕಪಕ್ಕದಲ್ಲಿಟ್ಟು ನಿಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ವಾದ ಮಾಡಿ ನೋಡಿ. ಎರಡೂ ಪಕ್ಷಕ್ಕೆ ಹೇಳುವುದು ಬೇಕಾದಷ್ಟಿದೆ.

ಕೊನೆಯದಾಗಿ ನಿಮಗೊಂದು ಕೆಲಸ. ಒಂದು ಭಾನುವಾರ ಪತ್ರಿಕೆಯ ಮನೆ ಮಾರಾಟದ ಜಾಹೀರಾತುಗಳನ್ನು ಕತ್ತರಿಸಿಡಿ. ನಿಮ್ಮ ಬಡಾವಣೆಯಲ್ಲಿ ಗೇಟಿಗೆ ತೂಗುಹಾಕಿರುವ ‘ಬಾಡಿಗೆಗೆ ಇದೆ’ ಬೋರ್ಡುಗಳನ್ನೂ ಓದಿಕೊಂಡು ಬನ್ನಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿದ್ದರೆ ಅದನ್ನೂ ಬರೆದುಕೊಳ್ಳಿ. ಜಾಹೀರಾತಿನ ಚಿತ್ರದಲ್ಲಿ ಬಾಲ್ಕನಿಯ ಮೇಲೆ ನಗುತ್ತಾ ನಿಂತ ಕುಟುಂಬ ಯಾವ ಬಗೆಯದು, ಅವರ ಉಡುಪು ಎಂಥದು, ಮನೆಗೆಲಸದವರು ಚಿತ್ರದಲ್ಲಿ ಎಲ್ಲಿದ್ದಾರೆ ಎಂದು ಪಟ್ಟಿ ಮಾಡಿ. ಆ ಪಟ್ಟಿಯ ಎದುರಿಗೆ ಇನ್ನೊಂದು ಪಟ್ಟಿ ಬರೆಯಿರಿ: ಕಂತು ಕಟ್ಟುವ ಶಕ್ತಿಯಿದ್ದೂ ಆ ಚಿತ್ರದಲ್ಲಿ ಕಾಣದವರು ಯಾರು?

ಮುಂದೊಂದು ದಿನ ನೀವೂ ಮನೆ ಕೊಳ್ಳುವಿರಿ, ಮಾರುವಿರಿ. ಆಗ ಪೇಂಟರನ್ನು ಕರೆಸುವ ಮುಂಚೆ ಈ ಎರಡನೆಯ ಪಟ್ಟಿ ನಿಮಗೆ ನೆನಪಾದರೆ ಈ ಪುಟಗಳ ಉದ್ದೇಶ ಈಡೇರಿದಂತೆ.